ಕೊಟೇಶನ್ ತಯಾರಿಕೆ: ಸಣ್ಣ ಉದ್ಯಮಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಗ್ರಾಹಕರೊಬ್ಬರು ಕೆಲಸದ ವಿಚಾರ ಮಾತನಾಡಿ, ‘ಒಂದು ಕೊಟೇಶನ್ ಕಳುಹಿಸಿಕೊಡಿ’ ಎಂದು ಹೇಳಿ ಹೋದ ಮೇಲೆ, ಸಣ್ಣ ಉದ್ಯಮ ನಡೆಸುವವರ ಮನಸ್ಸು ನೇರವಾಗಿ ಅಂಕಿಯ ಕಡೆಗೆ ಓಡುತ್ತದೆ. ಎಷ್ಟು ಹಾಕಿದರೆ ಒಪ್ಪಿಯಾರು, ಎಷ್ಟು ಹಾಕಿದರೆ ಕೆಲಸ ಕೈತಪ್ಪೀತು ಎಂಬ ಲೆಕ್ಕಾಚಾರವೇ ಮುಂದಾಗುತ್ತದೆ. ಹಲವು ವರ್ಷ ಕೊಟೇಶನ್ ಬರೆದು, ಕೆಲವು ಕೆಲಸ ಪಡೆದು, ಕೆಲವನ್ನು ಕಳೆದುಕೊಂಡು, ಪಡೆದ ಕೆಲಸದಲ್ಲೂ ನಷ್ಟ ಅನುಭವಿಸಿದ ಮೇಲೆ ನನಗೆ ಖಚಿತವಾದದ್ದು ಬೇರೆಯೇ. ನನ್ನ ನಷ್ಟದ ಕೆಲಸಗಳಲ್ಲಿ ಹೆಚ್ಚಿನವು ಅಂಕಿ ತಪ್ಪಿದ್ದರಿಂದ ಕೆಟ್ಟವಲ್ಲ. ಆ ಅಂಕಿ ಯಾವ ಕೆಲಸಕ್ಕೆ, ಎಲ್ಲಿಯವರೆಗಿನ ಕೆಲಸಕ್ಕೆ ಎಂಬುದನ್ನು ಬರೆಯದೆ ಬಿಟ್ಟಿದ್ದರಿಂದ ಕೆಟ್ಟವು. ಕೆಳಗಿನ ಉತ್ತರಗಳನ್ನು ಆ ಅನುಭವದ ಮೇಲೆ ಬರೆದಿದ್ದೇನೆ.

ಕೊಟೇಶನ್, ಎಸ್ಟಿಮೇಟ್, ಪ್ರೊಫಾರ್ಮಾ ಇನ್ವಾಯ್ಸ್: ಇವೆಲ್ಲ ಒಂದೇ ಅಲ್ಲವೇ?

ಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ, ಆದರೆ ಕಾಗದದ ಮೇಲೆ ಅವು ಬೇರೆ ಬೇರೆ. ಎಸ್ಟಿಮೇಟ್ ಎಂದರೆ ಈಗ ತಿಳಿದಿರುವಷ್ಟು ಮಾಹಿತಿಯ ಮೇಲೆ ಹೇಳಿದ ಅಂದಾಜು. ಕೆಲಸ ಮುಂದುವರಿದಂತೆ ಅದು ಹೆಚ್ಚಬಹುದು, ಕಡಿಮೆಯೂ ಆಗಬಹುದು. ಕೊಟೇಶನ್ ಎಂದರೆ ‘ಈ ಕೆಲಸವನ್ನು ಈ ಬೆಲೆಗೆ, ಈ ಷರತ್ತುಗಳ ಮೇಲೆ ಮಾಡಿಕೊಡುತ್ತೇನೆ’ ಎಂಬ ಪ್ರಸ್ತಾವ. ಗ್ರಾಹಕರು ಅದನ್ನು ಹಾಗೆಯೇ ಒಪ್ಪಿದರೆ ಸಾಮಾನ್ಯವಾಗಿ ಅದೇ ಕರಾರಿನ ಆಧಾರವಾಗುತ್ತದೆ. ಪ್ರೊಫಾರ್ಮಾ ಇನ್ವಾಯ್ಸ್ ಎನ್ನುವುದು ಸರಕು ಅಥವಾ ಸೇವೆ ಕೊಡುವ ಮುನ್ನ ಬಿಲ್ಲಿನ ರೂಪದಲ್ಲಿ ಕಳುಹಿಸುವ ಪತ್ರ. ಮುಂಗಡ ಪಾವತಿಗೆ ಅಥವಾ ಗ್ರಾಹಕರ ಆಂತರಿಕ ಮಂಜೂರಾತಿಗೆ ಅದು ಬೇಕಾಗುತ್ತದೆ, ಆದರೆ ಅದು ಅಂತಿಮ ಬಿಲ್ ಅಲ್ಲ.

ಪತ್ರದ ತಲೆಬರಹದಲ್ಲಿ ಯಾವ ಪದ ಬರೆದಿದ್ದೀರಿ ಎಂಬುದು ಮುಖ್ಯ, ಆದರೆ ಅಷ್ಟರಿಂದಲೇ ರಕ್ಷಣೆ ಸಿಗುವುದಿಲ್ಲ. ‘ಎಸ್ಟಿಮೇಟ್’ ಎಂದು ಬರೆದು ಒಳಗೆ ಒಂದೇ ನಿಖರ ಮೊತ್ತವನ್ನು ಕೊಟ್ಟು, ಅದು ಏಕೆ ಬದಲಾಗಬಹುದು ಎಂಬುದನ್ನು ತಿಳಿಸದಿದ್ದರೆ ಗ್ರಾಹಕರು ಅದನ್ನು ಅಂತಿಮ ಬೆಲೆಯೆಂದೇ ಓದುತ್ತಾರೆ, ಹಾಗೆ ಓದಿದ್ದಕ್ಕೆ ಅವರನ್ನು ದೂರುವಂತಿಲ್ಲ.

ಗ್ರಾಹಕರು ಫೋನಿನಲ್ಲೇ ‘ಅಂದಾಜು ಎಷ್ಟಾಗಬಹುದು’ ಎಂದು ಒತ್ತಾಯಿಸಿದರೆ ಏನು ಹೇಳಬೇಕು?

ಒಂದೇ ಅಂಕಿಯನ್ನು ಹೇಳಬೇಡಿ. ಅಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ವಿವರಿಸಿದ ಮನಸ್ಸಿನ ಒಂದು ಗುಣವಿದೆ: ಮೊದಲು ಕಿವಿಗೆ ಬಿದ್ದ ಸಂಖ್ಯೆ ಲಂಗರಿನಂತೆ ನಿಂತುಬಿಡುತ್ತದೆ, ಮುಂದಿನ ಅಂದಾಜುಗಳೆಲ್ಲ ಅದರ ಸುತ್ತಲೇ ಸುಳಿಯುತ್ತವೆ. ನೀವು ಅವಸರದಲ್ಲಿ ಹೇಳಿದ ಕಡಿಮೆ ಮೊತ್ತವನ್ನು ನೀವು ಮರೆತರೂ ಗ್ರಾಹಕರು ಮರೆಯುವುದಿಲ್ಲ, ಆಮೇಲೆ ಬಂದ ಸರಿಯಾದ ಬೆಲೆ ಅವರಿಗೆ ಏರಿಕೆಯಂತೆ ಕಾಣುತ್ತದೆ. ಉತ್ತರ ಹೇಳಲೇಬೇಕಾದರೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಹೇಳಿ, ಯಾವ ಅಂಶದಿಂದ ಬೆಲೆ ಆ ತುದಿಗೆ ಅಥವಾ ಈ ತುದಿಗೆ ಹೋಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ, ಅಂದೇ ಒಂದು ಚಿಕ್ಕ ಸಂದೇಶದಲ್ಲಿ ಅದನ್ನು ಬರೆದು ಕಳುಹಿಸಿ.

ಬೆಲೆ ಹಾಕುವ ಮೊದಲು ಗ್ರಾಹಕರಿಂದ ಏನೇನು ತಿಳಿದುಕೊಳ್ಳಬೇಕು?

ಕೆಲಸದ ಅಳತೆ, ಪ್ರಮಾಣ, ಗುಣಮಟ್ಟ, ಗಡುವು ಇವನ್ನು ಎಲ್ಲರೂ ಕೇಳುತ್ತಾರೆ. ಕೇಳದೆ ಬಿಡುವ ಪ್ರಶ್ನೆಗಳೇ ಆಮೇಲೆ ಕಾಡುತ್ತವೆ. ಈ ಕೆಲಸ ಅವರಿಗೆ ಏಕೆ ಬೇಕಾಗಿದೆ? ಇದಕ್ಕೆ ಮೊದಲು ಯಾರಿಂದಲಾದರೂ ಮಾಡಿಸಿದ್ದರೇ, ಅದು ಏಕೆ ಸರಿಹೋಗಲಿಲ್ಲ? ಒಪ್ಪಿಗೆ ಕೊಡುವವರು ಇವರೇನೋ, ಇವರ ಹಿಂದೆ ಇನ್ನೊಬ್ಬರಿದ್ದಾರೋ? ಸಾಮಗ್ರಿ, ಮಾಹಿತಿ, ಜಾಗ, ವಿದ್ಯುತ್, ಪರವಾನಗಿ ಇವುಗಳಲ್ಲಿ ಯಾವುದನ್ನು ಅವರು ಒದಗಿಸುತ್ತಾರೆ, ಯಾವ ದಿನದೊಳಗೆ ಒದಗಿಸುತ್ತಾರೆ?

ಕೆಲಸ ‘ಮುಗಿಯಿತು’ ಎಂದು ಯಾವುದನ್ನು ನೋಡಿ ಒಪ್ಪಿಕೊಳ್ಳುತ್ತೀರಿ ಎಂದು ನಾನು ತಪ್ಪದೆ ಕೇಳುತ್ತೇನೆ. ಈ ಪ್ರಶ್ನೆಗೆ ಗ್ರಾಹಕರು ಕೆಲವೊಮ್ಮೆ ತಡವರಿಸುತ್ತಾರೆ, ಏಕೆಂದರೆ ಅವರೇ ಅದನ್ನು ಯೋಚಿಸಿರುವುದಿಲ್ಲ. ಆ ತಡವರಿಕೆ ಬೆಲೆ ಹಾಕುವ ಮುನ್ನವೇ ಕಾಣಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಸ್ಥಳಕ್ಕೆ ಹೋಗಿ ನೋಡಬಹುದಾದ ಕೆಲಸವನ್ನು ನೋಡದೆ ಕೊಟೇಶನ್ ಕೊಡಬಾರದು. ಹೋಗಲಾಗದಿದ್ದರೆ, ಗ್ರಾಹಕರು ಕೊಟ್ಟ ಅಳತೆ ಮತ್ತು ಚಿತ್ರಗಳನ್ನು ನಂಬಿ ಈ ಬೆಲೆ ಹಾಕಲಾಗಿದೆ ಎಂದು ಪತ್ರದಲ್ಲೇ ಬರೆಯಬೇಕು.

ಒಂದು ಕೆಲಸದ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವುದು ಹೇಗೆ?

ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು: ಆ ಕೆಲಸಕ್ಕೇ ತಗಲುವ ಸಾಮಗ್ರಿ ಮತ್ತು ಹೊರಗಿನವರ ಕೂಲಿ, ನಿಮ್ಮ ಮತ್ತು ನಿಮ್ಮ ಸಿಬ್ಬಂದಿಯ ಸಮಯ, ಮತ್ತು ಕೆಲಸ ಇರಲಿ ಇಲ್ಲದಿರಲಿ ನಡೆಯುತ್ತಲೇ ಇರುವ ಸ್ಥಿರ ಖರ್ಚು.

ಸಾಮಗ್ರಿಯಲ್ಲಿ ವೇಸ್ಟೇಜನ್ನು ಮರೆಯುವುದು ಸಾಮಾನ್ಯ. 50 ಚದರ ಮೀಟರ್ ನೆಲಕ್ಕೆ ಹಾಸುವ ಕೆಲಸದಲ್ಲಿ ತುಂಡರಿಸುವಾಗ ನೆಲದ ಅಳತೆಯ ಶೇಕಡ 10ರಷ್ಟು ಹಾಳಾಗುತ್ತದೆ ಎಂದಾದರೆ ಕೊಳ್ಳಬೇಕಾದದ್ದು 55 ಚದರ ಮೀಟರ್, ಅದೂ ಪೂರ್ತಿ ಪೆಟ್ಟಿಗೆಗಳ ಲೆಕ್ಕದಲ್ಲಿ. ಸಾಗಣೆ, ಇಳಿಸುವ ಕೂಲಿ, ಪ್ಯಾಕಿಂಗ್, ಬ್ಯಾಂಕ್ ಶುಲ್ಕ ಇವು ಪ್ರತ್ಯೇಕವಾಗಿ ಸಣ್ಣವು, ಆದರೆ ಒಟ್ಟಾದರೆ ಲಾಭದ ಒಂದು ತುಂಡನ್ನೇ ಕಚ್ಚಿಕೊಂಡು ಹೋಗುತ್ತವೆ.

ಸಮಯದ ಬೆಲೆಯಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ವಾರಕ್ಕೆ 40 ಗಂಟೆಯಂತೆ 52 ವಾರಗಳಿಗೆ 2,080 ಗಂಟೆ. ವರ್ಷಕ್ಕೆ ಬೇಕಾದ ಆದಾಯವನ್ನು ಈ ಸಂಖ್ಯೆಯಿಂದ ಭಾಗಿಸಿ ಗಂಟೆಯ ದರ ಕಂಡುಕೊಳ್ಳುವವರು ಬಹಳ ಮಂದಿ. ಆದರೆ ರಜೆ, ಹಬ್ಬ, ಅನಾರೋಗ್ಯ ಎಂದು ಆರು ವಾರ ಕಳೆದರೆ ಉಳಿಯುವುದು 1,840 ಗಂಟೆ. ಅದರಲ್ಲಿ ಲೆಕ್ಕಪತ್ರ, ಓಡಾಟ, ಗ್ರಾಹಕರೊಂದಿಗೆ ಮಾತುಕತೆ, ಸಿಗದೇ ಹೋದ ಕೆಲಸಗಳಿಗೆ ಬರೆದ ಕೊಟೇಶನ್‌ಗಳು ಇವಕ್ಕೆ ಶೇಕಡ 40 ಹೋಯಿತೆಂದು ಇಟ್ಟುಕೊಂಡರೆ, ಬಿಲ್ ಮಾಡಬಹುದಾದ ಸಮಯ 1,104 ಗಂಟೆ ಮಾತ್ರ. ಅಂದರೆ ಮೊದಲು ಭಾಗಿಸಿದ ಸಂಖ್ಯೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದೇ ಆದಾಯ ಬೇಕಾದರೆ ಗಂಟೆಯ ದರ ಹೆಚ್ಚುಕಡಿಮೆ ಎರಡು ಪಟ್ಟಾಗಬೇಕು. ಹಗಲಿರುಳು ದುಡಿದರೂ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎನ್ನುವವರ ತೊಂದರೆ ಎಷ್ಟೋ ಸಲ ಈ ಒಂದು ಭಾಗಾಕಾರದಲ್ಲೇ ಇರುತ್ತದೆ.

ಬಾಡಿಗೆ, ವಿಮೆ, ಉಪಕರಣಗಳ ಸವೆತ, ಸಾಫ್ಟ್‌ವೇರ್ ಚಂದಾ ಮುಂತಾದ ಸ್ಥಿರ ಖರ್ಚನ್ನು ವರ್ಷದ ಮೊತ್ತವಾಗಿ ಕೂಡಿಸಿ, ಅದನ್ನೂ ಇದೇ ಬಿಲ್ ಮಾಡಬಹುದಾದ ಗಂಟೆಗಳ ಮೇಲೆ ಹಂಚಿದರೆ ಸಣ್ಣ ಉದ್ಯಮಕ್ಕೆ ಸಾಕು. ನಿಮ್ಮ ಸ್ವಂತ ಸಂಬಳವನ್ನು ‘ಉಳಿದರೆ ತೆಗೆದುಕೊಂಡೆ’ ಎಂದು ಲಾಭದೊಳಗೆ ಸೇರಿಸಬೇಡಿ. ಅದು ವೆಚ್ಚವೇ.

ನನ್ನ ಸಮಯದ ಅಂದಾಜು ಯಾವಾಗಲೂ ಕಡಿಮೆಯಾಗಿಯೇ ಬರುತ್ತದೆ. ಏನು ಮಾಡಲಿ?

ಇದು ನಿಮ್ಮೊಬ್ಬರ ದೋಷವಲ್ಲ. ಕಾಹ್ನೆಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲೇ ಈ ಪ್ರವೃತ್ತಿಯನ್ನು ಗುರುತಿಸಿ ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಬೇಕೆಂದು ಅಂದಾಜಿಸಿದರು. ಎಲ್ಲವೂ ಕೆಟ್ಟರೆ 49 ದಿನ ಎಂದರು. ನಿಜವಾಗಿ ತೆಗೆದುಕೊಂಡದ್ದು ಸರಾಸರಿ 55 ದಿನ. ಕೆಟ್ಟ ಸ್ಥಿತಿಯೆಂದು ಊಹಿಸಿದ್ದನ್ನೂ ಮೀರಿ ನಿಜ ಸ್ಥಿತಿ ನಿಂತಿತು ಎಂಬುದನ್ನು ಗಮನಿಸಬೇಕು. ನಾವು ಕೆಲಸವನ್ನು ಮನಸ್ಸಿನಲ್ಲಿ ನಡೆಸಿ ನೋಡುವಾಗ ಅಡ್ಡಿಗಳಿಲ್ಲದ ದಾರಿಯನ್ನೇ ನೋಡುತ್ತೇವೆ.

ಇದಕ್ಕೆ ಒಳ್ಳೆಯ ಮದ್ದು ಹಿಂದಿನ ಕೆಲಸಗಳ ದಾಖಲೆ. ಇದನ್ನು ಹೋಲುವ ಹಿಂದಿನ ಮೂರು ಕೆಲಸಗಳಿಗೆ ನಿಜಕ್ಕೂ ಎಷ್ಟು ಗಂಟೆ ಹಿಡಿಯಿತು ಎಂದು ನೋಡಿ ಅಲ್ಲಿಂದ ಆರಂಭಿಸಿ. ಹೋಲಿಕೆಗೆ ಏನೂ ಇಲ್ಲದ ಹೊಸ ಬಗೆಯ ಕೆಲಸವಾದರೆ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 1958ರಲ್ಲಿ ರೂಪುಗೊಂಡ ಪರ್ಟ್ ವಿಧಾನದ ಸೂತ್ರ ನೆರವಾಗುತ್ತದೆ: ಎಲ್ಲ ಸುಗಮವಾದರೆ ಬೇಕಾಗುವ ಸಮಯ, ಸಾಮಾನ್ಯವಾಗಿ ಬೇಕಾಗುವ ಸಮಯದ ನಾಲ್ಕು ಪಟ್ಟು, ಎಲ್ಲ ಕೆಟ್ಟರೆ ಬೇಕಾಗುವ ಸಮಯ, ಈ ಮೂರನ್ನೂ ಕೂಡಿಸಿ ಆರರಿಂದ ಭಾಗಿಸುವುದು. ಕ್ರಮವಾಗಿ 20, 30, 64 ಗಂಟೆ ಎಂದುಕೊಂಡರೆ ಉತ್ತರ 34 ಗಂಟೆ. ಹೆಚ್ಚಾದ ಆ ನಾಲ್ಕು ಗಂಟೆ ಅಂಜಿಕೆಗಾಗಿ ತುಂಬಿದ್ದಲ್ಲ. ಕೆಲಸ ಕೆಡುವ ದಾರಿಗಳು ಚೆನ್ನಾಗಿ ನಡೆಯುವ ದಾರಿಗಿಂತ ಉದ್ದ ಎಂಬುದರ ಲೆಕ್ಕ.

ವೆಚ್ಚದ ಮೇಲೆ ಶೇಕಡ 25 ಸೇರಿಸಿದರೆ ಶೇಕಡ 25 ಲಾಭ ಬಂದಂತೆ ತಾನೇ?

ಅಲ್ಲ. ವೆಚ್ಚ 100 ಇದ್ದು 125ಕ್ಕೆ ಮಾರಿದರೆ, 25 ಎನ್ನುವುದು ಮಾರಾಟದ ಬೆಲೆಯ ಶೇಕಡ 20 ಮಾತ್ರ. ವೆಚ್ಚದ ಮೇಲೆ ಹಾಕುವುದು ಮಾರ್ಕಪ್. ಬೆಲೆಯಲ್ಲಿ ಉಳಿಯುವುದು ಮಾರ್ಜಿನ್. ಬೆಲೆಯ ಶೇಕಡ 25 ಉಳಿಯಬೇಕಾದರೆ ವೆಚ್ಚವನ್ನು 0.75ರಿಂದ ಭಾಗಿಸಬೇಕು, ಆಗ ಬೆಲೆ 133.33 ಆಗುತ್ತದೆ. ಶೇಕಡ 40 ಉಳಿಯಬೇಕಾದರೆ 0.60ರಿಂದ ಭಾಗಿಸಬೇಕು, ಬೆಲೆ 166.67. ಮಾರ್ಜಿನ್ ಎತ್ತರಕ್ಕೆ ಹೋದಂತೆಲ್ಲ ಈ ಎರಡರ ನಡುವಿನ ಅಂತರವೂ ಅಗಲವಾಗುತ್ತದೆ. ಪಾಲುದಾರರು ಅಥವಾ ಸಿಬ್ಬಂದಿ ಜೊತೆ ಮಾತನಾಡುವಾಗ ಎಲ್ಲರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸುತ್ತಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕೊಟೇಶನ್‌ನಲ್ಲಿ ಕೆಲಸದ ವಿವರಣೆ ಎಷ್ಟು ವಿವರವಾಗಿರಬೇಕು?

ನಿಮ್ಮನ್ನೂ ಗ್ರಾಹಕರನ್ನೂ ಭೇಟಿಯಾಗದ ಮೂರನೆಯವರೊಬ್ಬರು ಅದನ್ನು ಓದಿ, ಕೆಲಸ ಮುಗಿದಿದೆಯೋ ಇಲ್ಲವೋ ಎಂದು ಹೇಳಲು ಸಾಧ್ಯವಾಗುವಷ್ಟು. ಇಡೀ ಪತ್ರದಲ್ಲಿ ನಾನು ಹೆಚ್ಚು ಸಮಯ ಕೊಡುವುದು ಈ ಭಾಗಕ್ಕೆ.

‘ಜಾಲತಾಣ ವಿನ್ಯಾಸ’ ಎಂದು ಬರೆದರೆ ಅದು ಶೀರ್ಷಿಕೆಯೇ ಹೊರತು ವಿವರಣೆಯಲ್ಲ. ಎಷ್ಟು ಪುಟ, ಬರಹ ಮತ್ತು ಚಿತ್ರಗಳನ್ನು ಯಾರು ಕೊಡುತ್ತಾರೆ, ಎಷ್ಟು ಸುತ್ತಿನ ತಿದ್ದುಪಡಿ, ಕೊನೆಗೆ ಯಾವ ಕಡತಗಳನ್ನು ಹಸ್ತಾಂತರಿಸಲಾಗುತ್ತದೆ, ಹಸ್ತಾಂತರವಾದ ಮೇಲೆ ಎಷ್ಟು ದಿನ ದೋಷಗಳನ್ನು ಉಚಿತವಾಗಿ ಸರಿಪಡಿಸಲಾಗುತ್ತದೆ ಎಂದು ಬರೆದಾಗ ಅದು ವಿವರಣೆಯಾಗುತ್ತದೆ. ‘ಕೊಠಡಿಗೆ ಬಣ್ಣ’ ಎಂಬುದರಲ್ಲಿ ಗೋಡೆ ಸೇರಿದೆ; ಚಾವಣಿ, ಬಾಗಿಲ ಚೌಕಟ್ಟು, ಹಳೆಯ ಬಣ್ಣ ಕೆರೆಯುವುದು, ಬಿರುಕು ಮುಚ್ಚುವುದು, ಪೀಠೋಪಕರಣ ಸರಿಸುವುದು ಸೇರಿವೆಯೇ? ಗ್ರಾಹಕರು ಸೇರಿವೆ ಎಂದುಕೊಂಡಿರುತ್ತಾರೆ, ನೀವು ಇಲ್ಲ ಎಂದುಕೊಂಡಿರುತ್ತೀರಿ, ಇಬ್ಬರೂ ಪ್ರಾಮಾಣಿಕರೇ. ಬರೆಯದೆ ಬಿಟ್ಟ ಜಾಗವನ್ನು ಪ್ರತಿಯೊಬ್ಬರೂ ತಮಗೆ ಅನುಕೂಲವಾದ ರೀತಿಯಲ್ಲಿ ತುಂಬಿಕೊಳ್ಳುತ್ತಾರೆ.

ಆದ್ದರಿಂದ ಏನು ಸೇರಿದೆ ಎಂಬುದರ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಏನು ಸೇರಿಲ್ಲ ಎಂಬುದನ್ನು ಬರೆಯಬೇಕು. ಇದನ್ನು ಬರೆಯಲು ಹಿಂಜರಿಯುವವರಿದ್ದಾರೆ. ಮೊದಲ ಭೇಟಿಯಲ್ಲೇ ‘ಇದಿಲ್ಲ, ಅದಿಲ್ಲ’ ಎಂದರೆ ಗ್ರಾಹಕರು ಬೇಸರಗೊಂಡಾರು ಎಂಬ ಭಯ ಅವರಿಗೆ. ನನ್ನ ಅನುಭವದಲ್ಲಿ ಆಗುವುದು ಇದಕ್ಕೆ ವಿರುದ್ಧ. ಸೇರದ ಅಂಶಗಳನ್ನು ಓದಿದ ಗ್ರಾಹಕರು ‘ಇದೂ ಬೇಕಾಗಿತ್ತು, ಸೇರಿಸಿ ಎಷ್ಟಾಗುತ್ತದೆ ಹೇಳಿ’ ಎಂದು ಕೇಳುತ್ತಾರೆ. ಅದೇ ಮಾತು ಕೆಲಸದ ನಡುವೆ ಬಂದಿದ್ದರೆ ಜಗಳವಾಗುತ್ತಿತ್ತು.

ಮೂರನೆಯದಾಗಿ, ಯಾವ ಊಹೆಗಳ ಮೇಲೆ ಬೆಲೆ ನಿಂತಿದೆ ಎಂಬುದನ್ನು ಬರೆಯಬೇಕು: ಸ್ಥಳ ಇಂಥ ದಿನ ಖಾಲಿಯಾಗಿ ಸಿಗುತ್ತದೆ, ಅನುಮೋದನೆ ಮೂರು ಕೆಲಸದ ದಿನಗಳೊಳಗೆ ಬರುತ್ತದೆ, ಗೋಡೆಯೊಳಗಿನ ಹಳೆಯ ಕೊಳವೆಗಳು ಸುಸ್ಥಿತಿಯಲ್ಲಿವೆ. ಊಹೆ ಸುಳ್ಳಾದರೆ ಬೆಲೆಯನ್ನು ಪರಿಷ್ಕರಿಸಲಾಗುವುದು ಎಂಬ ಒಂದು ವಾಕ್ಯ ಇದರ ಜೊತೆಗಿರಲಿ. ಹಿಂದೊಮ್ಮೆ ಒಬ್ಬ ಗ್ರಾಹಕರ ಕಡೆಯಿಂದ ಬರಬೇಕಾದ ಮಾಹಿತಿ ಏಳು ವಾರ ತಡವಾಗಿ ಬಂತು. ನನ್ನ ಪತ್ರದಲ್ಲಿ ಗಡುವು ಇತ್ತು, ಆದರೆ ಅದು ನನಗಷ್ಟೇ ಅನ್ವಯಿಸುವಂತಿತ್ತು. ಅವರ ಗಡುವನ್ನು ನಾನು ಬರೆದೇ ಇರಲಿಲ್ಲ. ಆ ಕೆಲಸದ ನಷ್ಟ ತುಂಬಿಕೊಳ್ಳಲು ಬಹಳ ತಿಂಗಳು ಹಿಡಿಯಿತು.

ಒಟ್ಟು ಮೊತ್ತವನ್ನಷ್ಟೇ ಕೊಡಬೇಕೋ, ಬಿಡಿಬಿಡಿಯಾಗಿ ತೋರಿಸಬೇಕೋ?

ಗ್ರಾಹಕರು ನಿರ್ಧಾರ ಮಾಡಲು ಬೇಕಾದಷ್ಟು ಬಿಡಿಸಿ ತೋರಿಸಿ, ನಿಮ್ಮ ಒಳಲೆಕ್ಕವನ್ನಲ್ಲ. ಕೆಲಸದ ಹಂತಗಳ ಪ್ರಕಾರ ಮೊತ್ತವನ್ನು ವಿಂಗಡಿಸಿದರೆ, ಹಣ ಕಡಿಮೆಯಿದ್ದಾಗ ಅವರು ಒಂದು ಹಂತವನ್ನು ಬಿಡಬಹುದು ಅಥವಾ ಮುಂದಕ್ಕೆ ಹಾಕಬಹುದು. ಅದರ ಬದಲು ಪ್ರತಿ ಮೊಳೆಯ ಬೆಲೆ, ಪ್ರತಿ ಗಂಟೆಯ ಕೂಲಿ, ನಿಮ್ಮ ಲಾಭದ ಶೇಕಡಾವಾರು ಎಲ್ಲವನ್ನೂ ಬರೆದರೆ ಮಾತುಕತೆ ಕೆಲಸದ ಮೇಲಿಂದ ಜಾರಿ ಸಾಲುಸಾಲಿನ ಚೌಕಾಸಿಗೆ ಇಳಿಯುತ್ತದೆ. ಸರ್ಕಾರಿ ಟೆಂಡರುಗಳಂತೆ ನಮೂನೆಯನ್ನು ಅವರೇ ಕೊಟ್ಟಿದ್ದರೆ ಅದರಂತೆಯೇ ತುಂಬಬೇಕು, ಬೇರೆ ದಾರಿಯಿಲ್ಲ.

ಒಂದೇ ಬೆಲೆಯ ಬದಲು ಎರಡು ಮೂರು ಆಯ್ಕೆಗಳನ್ನು ಕೊಡುವುದು ಸರಿಯೇ?

ಆಯ್ಕೆಗಳ ನಡುವಿನ ವ್ಯತ್ಯಾಸ ಕೆಲಸದಲ್ಲಿ ನಿಜವಾಗಿಯೂ ಇದ್ದರೆ ಸರಿ. ಮೂರು ಆಯ್ಕೆಗಳಿದ್ದಾಗ ಜನ ನಡುವಿನದರ ಕಡೆಗೆ ವಾಲುತ್ತಾರೆ ಎಂಬುದನ್ನು ಮಾರುಕಟ್ಟೆ ಸಂಶೋಧಕ ಇಟಮಾರ್ ಸೈಮನ್ಸನ್ 1989ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇದನ್ನು ತಿಳಿದ ಕೆಲವರು ನಡುವಿನದನ್ನು ಮಾರುವುದಕ್ಕೆಂದೇ ಬೇಡದ ದುಬಾರಿ ಆಯ್ಕೆಯೊಂದನ್ನು ಮೇಲೆ ಇಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಗ್ರಾಹಕರು ಅದನ್ನೇ ಆರಿಸಿದರೂ ಸಂತೋಷದಿಂದ ಮಾಡಿಕೊಡಬಲ್ಲೆ ಎನ್ನುವ ಆಯ್ಕೆಗಳನ್ನು ಮಾತ್ರ ಪತ್ರದಲ್ಲಿ ಇಡಬೇಕು.

ಕೊಟೇಶನ್ ಎಷ್ಟು ದಿನ ಚಾಲ್ತಿಯಲ್ಲಿರಬೇಕು? ಒಮ್ಮೆ ಕೊಟ್ಟ ಬೆಲೆಯನ್ನು ಹಿಂತೆಗೆದುಕೊಳ್ಳಬಹುದೇ?

ಅವಧಿಯನ್ನು ತಾರೀಕಿನಿಂದಲೇ ಬರೆಯಿರಿ. ‘30 ದಿನ’ ಎಂದರೆ ಯಾವ ದಿನದಿಂದ ಎಂಬ ಪ್ರಶ್ನೆ ಏಳುತ್ತದೆ. ಸಾಮಗ್ರಿಯ ಬೆಲೆ ವಾರವಾರವೂ ಏರಿಳಿಯುವ ಕೆಲಸದಲ್ಲಿ ನಿಮ್ಮ ಪೂರೈಕೆದಾರರು ನಿಮಗೆ ಕೊಟ್ಟ ಅವಧಿಗಿಂತ ಹೆಚ್ಚಿನ ಅವಧಿಯನ್ನು ನೀವು ಗ್ರಾಹಕರಿಗೆ ಕೊಡಬೇಡಿ.

ಹಿಂತೆಗೆಯುವ ವಿಚಾರದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಬೇರೆ ಬೇರೆ ದೇಶಗಳ ವ್ಯಾಪಾರಿಗಳ ನಡುವಿನ ಸರಕು ಮಾರಾಟಕ್ಕೆ ಸಂಬಂಧಿಸಿ ವಿಶ್ವಸಂಸ್ಥೆಯ ಆಶ್ರಯದಲ್ಲಿ 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾದ ಒಪ್ಪಂದವು 1988ರ ಜನವರಿ 1ರಂದು ಜಾರಿಗೆ ಬಂತು. ಅದರ 16ನೆಯ ವಿಧಿಯ ಪ್ರಕಾರ, ಒಪ್ಪಿಗೆಗೆ ನಿಗದಿತ ಅವಧಿಯನ್ನು ನಮೂದಿಸುವ ಮೂಲಕ ಅಥವಾ ಇನ್ನಾವುದೇ ರೀತಿಯಲ್ಲಿ ಹಿಂತೆಗೆಯುವುದಿಲ್ಲ ಎಂದು ಸೂಚಿಸಿದ ಪ್ರಸ್ತಾವವನ್ನು ಹಿಂತೆಗೆಯಲಾಗದು. ಇಂಗ್ಲಿಷ್ ಕಾನೂನಿನ ಸಂಪ್ರದಾಯದಲ್ಲಾದರೆ ಪ್ರತಿಫಲವಿಲ್ಲದೆ ಕೊಟ್ಟ ಅಂಥ ಭರವಸೆ ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ದೊಡ್ಡ ಮೊತ್ತದ ಕೆಲಸವಾದರೆ ನಿಮ್ಮ ಊರಿನ ವಕೀಲರನ್ನು ಒಮ್ಮೆ ಕೇಳಿ.

ಚೌಕಾಸಿ ನಡೆಯುವಾಗ ಮೊದಲ ಬೆಲೆಯ ಗತಿ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. 1840ರ ಹೈಡ್ ವಿರುದ್ಧ ರೆಂಚ್ ಎಂಬ ಇಂಗ್ಲೆಂಡಿನ ಪ್ರಕರಣದಲ್ಲಿ ಒಬ್ಬರು ತಮ್ಮ ತೋಟದ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆಂದರು. ಇನ್ನೊಬ್ಬರು 950 ಎಂದರು. ಅದು ತಿರಸ್ಕೃತವಾದ ಮೇಲೆ ‘ಸರಿ, 1,000ಕ್ಕೇ ಒಪ್ಪಿದೆ’ ಎಂದರು. ಕರಾರು ಆಗಿಲ್ಲ ಎಂದು ನ್ಯಾಯಾಲಯ ಹೇಳಿತು, ಏಕೆಂದರೆ ಪ್ರತಿಪ್ರಸ್ತಾವ ಬಂದೊಡನೆ ಮೊದಲ ಪ್ರಸ್ತಾವ ಬಿದ್ದುಹೋಗಿತ್ತು. ಆದ್ದರಿಂದ ಬೆಲೆ, ಪ್ರಮಾಣ, ಗಡುವು ಯಾವುದು ಬದಲಾದರೂ ಹೊಸ ಸಂಖ್ಯೆ, ಹೊಸ ತಾರೀಕು ಹಾಕಿದ ಪರಿಷ್ಕೃತ ಕೊಟೇಶನ್ ಕಳುಹಿಸಿ, ಹಿಂದಿನದು ರದ್ದಾಗಿದೆ ಎಂದು ಅದರಲ್ಲಿ ನಮೂದಿಸಿ.

ತೆರಿಗೆ ಮತ್ತು ಸಾಗಣೆಯನ್ನು ಹೇಗೆ ತೋರಿಸಬೇಕು?

ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ, ಕೆಳಗೆ ತೆರಿಗೆ ಸೇರಿದ ಒಟ್ಟು ಮೊತ್ತವನ್ನು ಬರೆಯಿರಿ. ‘ಎಲ್ಲ ಸೇರಿ 100’ ಎಂದು ಬಾಯಿಮಾತಿನಲ್ಲಿ ಒಪ್ಪಿಬಿಟ್ಟರೆ, ತೆರಿಗೆ ಶೇಕಡ 20 ಇದ್ದಲ್ಲಿ ನಿಮಗೆ ಉಳಿಯುವುದು 80 ಅಲ್ಲ, 83.33, ತೆರಿಗೆಗೆ ಹೋಗುವುದು 16.67. ಇದನ್ನು ತಪ್ಪಾಗಿ ಲೆಕ್ಕ ಹಾಕುವವರನ್ನು ನೋಡಿದ್ದೇನೆ.

ಸರಕನ್ನು ಬೇರೆ ದೇಶಕ್ಕೆ ಕಳುಹಿಸುವುದಾದರೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ ನಿಯಮಗಳಲ್ಲಿ (ಸಾಗಣೆಯ ವೆಚ್ಚ ಮತ್ತು ಅಪಾಯ ಎಲ್ಲಿಯವರೆಗೆ ಯಾರದು ಎಂದು ಹೇಳುವವು) ಯಾವುದು ಅನ್ವಯ ಎಂಬುದನ್ನು ಸ್ಥಳದ ಹೆಸರಿನೊಂದಿಗೆ ನಮೂದಿಸಬೇಕು. 1936ರಲ್ಲಿ ಮೊದಲು ಬಂದ ಈ ನಿಯಮಗಳ 2020ರ ಆವೃತ್ತಿಯಲ್ಲಿ 11 ಬಗೆಗಳಿವೆ. ಮಾರುವವರ ಬಾಗಿಲಲ್ಲೇ ಹೊಣೆ ಮುಗಿಯುವ ಇಎಕ್ಸ್‌ಡಬ್ಲ್ಯುಗೂ, ಕೊಳ್ಳುವವರ ಊರಿನಲ್ಲಿ ಸುಂಕ ಕಟ್ಟಿ ತಲುಪಿಸಬೇಕಾದ ಡಿಡಿಪಿಗೂ ನಡುವೆ ವೆಚ್ಚದಲ್ಲೂ ಅಪಾಯದಲ್ಲೂ ಬಹಳ ಅಂತರವಿದೆ.

ಮುಂಗಡ ಕೇಳಿದರೆ ಗ್ರಾಹಕರು ನಮ್ಮ ಮೇಲೆ ನಂಬಿಕೆ ಕಳೆದುಕೊಳ್ಳುವುದಿಲ್ಲವೇ?

ಕಾರಣ ಬರೆದು ಕೇಳಿದರೆ ಕಳೆದುಕೊಳ್ಳುವುದಿಲ್ಲ. ಸಾಮಗ್ರಿ ಖರೀದಿಗೆ ಬೇಕಾದಷ್ಟು ಮುಂಗಡ, ನಡುವಿನ ಒಂದು ಗುರುತಿಸಬಹುದಾದ ಹಂತದಲ್ಲಿ ಮತ್ತೊಂದು ಕಂತು, ಹಸ್ತಾಂತರದ ಹೊತ್ತಿಗೆ ಉಳಿದದ್ದು: ಈ ಕ್ರಮದಲ್ಲಿ ಯಾರ ಹಣವೂ ಹೆಚ್ಚು ಕಾಲ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕಂತುಗಳನ್ನು ತಾರೀಕಿಗಿಂತ ಕೆಲಸದ ಹಂತಕ್ಕೆ ಕಟ್ಟುವುದು ಗ್ರಾಹಕರಿಗೂ ಧೈರ್ಯ ಕೊಡುತ್ತದೆ. 90 ದಿನದ ಸಾಲ ಕೇಳುವ ಗ್ರಾಹಕರಿಗೆ, ಆ ಮೂರು ತಿಂಗಳು ನಿಮ್ಮ ಹಣಕ್ಕೆ ತಗಲುವ ಬಡ್ಡಿಯನ್ನು ಬೆಲೆಯಲ್ಲಿ ಸೇರಿಸದೆ ಕೊಟೇಶನ್ ಕೊಡುವುದು ನಿಮ್ಮ ಕೈಯಿಂದ ಸಾಲ ಕೊಟ್ಟಂತೆಯೇ.

‘ಹತ್ತು ಪರ್ಸೆಂಟ್ ಬಿಡಿ, ಕೆಲಸ ನಿಮಗೇ’ ಎಂದರೆ?

ಬೆಲೆ 100, ವೆಚ್ಚ 70 ಇರುವ ಕೆಲಸದಲ್ಲಿ ಹತ್ತು ಬಿಟ್ಟರೆ ಲಾಭ 30ರಿಂದ 20ಕ್ಕೆ ಇಳಿಯುತ್ತದೆ. ಗ್ರಾಹಕರಿಗೆ ಹತ್ತನೆಯ ಒಂದು ಭಾಗ ಉಳಿತಾಯ, ನಿಮಗೆ ಲಾಭದ ಮೂರನೆಯ ಒಂದು ಭಾಗ ನಷ್ಟ. ಮೊದಲಿನಷ್ಟೇ ಲಾಭ ಬರಬೇಕಾದರೆ ಇಂಥ ಒಂದೂವರೆ ಪಟ್ಟು ಕೆಲಸ ಮಾಡಬೇಕು. ಇಪ್ಪತ್ತು ಬಿಟ್ಟರೆ ಮೂರು ಪಟ್ಟು.

ಹಾಗೆಂದು ಖಡಾಖಂಡಿತವಾಗಿ ಇಲ್ಲ ಎನ್ನಬೇಕಾಗಿಲ್ಲ. ಬೆಲೆ ಇಳಿಯಬೇಕಾದರೆ ಕೆಲಸದಲ್ಲೂ ಏನಾದರೂ ಇಳಿಯಬೇಕು: ಒಂದು ಹಂತ ಬಿಡಬಹುದು, ಗಡುವು ಸಡಿಲವಾಗಬಹುದು, ಮುಂಗಡ ಹೆಚ್ಚಾಗಬಹುದು. ಏನೂ ಬದಲಾಗದೆ ಬೆಲೆ ಮಾತ್ರ ಇಳಿದರೆ, ಮೊದಲು ಹೇಳಿದ ಬೆಲೆ ಸುಳ್ಳಾಗಿತ್ತು ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ, ಮುಂದಿನ ಸಲ ಗ್ರಾಹಕರು ಇನ್ನಷ್ಟು ಕೇಳುವುದು ಸಹಜ. ಚೌಕಾಸಿ ಮಾಡುತ್ತಾರೆಂದು ಮೊದಲೇ ಬೆಲೆ ಏರಿಸಿಡುವ ಅಭ್ಯಾಸವನ್ನೂ ನಾನು ಬಿಟ್ಟಿದ್ದೇನೆ. ಅದರಲ್ಲಿ ಚೌಕಾಸಿ ಮಾಡಲು ಬಾರದ ಸಾಧು ಗ್ರಾಹಕರಿಗೇ ಹೆಚ್ಚು ಹೊರೆ ಬೀಳುತ್ತದೆ.

ಬೇರೆಯವರು ನಮಗಿಂತ ಬಹಳ ಕಡಿಮೆಗೆ ಕೊಟ್ಟಿದ್ದಾರೆಂದು ಗ್ರಾಹಕರು ಹೇಳಿದರೆ?

ಎರಡೂ ಕೊಟೇಶನ್‌ಗಳಲ್ಲಿ ಒಂದೇ ಕೆಲಸ ಇದೆಯೇ ಎಂದು ಹೋಲಿಸಿ ನೋಡಲು ಸೌಜನ್ಯದಿಂದ ಕೇಳಿಕೊಳ್ಳಿ. ಇನ್ನೊಬ್ಬರ ಪತ್ರವನ್ನು ತೋರಿಸಿ ಎಂದು ಕೇಳುವುದು ಬೇಡ, ಅವರ ಬಗ್ಗೆ ಕೆಟ್ಟದ್ದು ಆಡುವುದಂತೂ ಸಲ್ಲದು. ಸೇರದ ಅಂಶಗಳ ನಿಮ್ಮ ಪಟ್ಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ವ್ಯತ್ಯಾಸ ಉಳಿದರೆ ಬಿಟ್ಟುಕೊಡುವುದೇ ಲೇಸು. ಮೆಕ್ಸಿಕೋ ಕೊಲ್ಲಿಯ ತೈಲ ಗುತ್ತಿಗೆಯ ಹರಾಜುಗಳನ್ನು ಪರಿಶೀಲಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಅನೇಕರು ಪ್ರಾಮಾಣಿಕವಾಗಿಯೇ ಅಂದಾಜು ಮಾಡಿದರೂ ಹರಾಜು ಗೆಲ್ಲುವುದು ಬೆಲೆಯನ್ನು ಅತಿಯಾಗಿ ಅಂದಾಜಿಸಿದವರು. ಕಡಿಮೆ ಬೆಲೆಗೆ ಕೆಲಸ ಸಿಗುವ ಕೊಟೇಶನ್‌ಗಳಲ್ಲಿ ಇದು ತಿರುವುಮುರುವಾಗಿ ಕೆಲಸ ಮಾಡುತ್ತದೆ. ಐವರಲ್ಲಿ ಅತಿ ಕಡಿಮೆ ಹಾಕಿದವರು ಬಹುಶಃ ಏನನ್ನೋ ಮರೆತವರು. ಆ ಸ್ಥಾನಕ್ಕೆ ಸ್ಪರ್ಧಿಸುವ ಮುನ್ನ ನಿಮ್ಮ ವೆಚ್ಚದ ಹಾಳೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಕೆಲಸದ ನಡುವೆ ಗ್ರಾಹಕರು ಬದಲಾವಣೆ ಕೇಳಿದರೆ?

ಮಾಡುತ್ತೇವೆ ಎನ್ನಿ, ಬೆಲೆ ಮತ್ತು ದಿನಗಳ ಮೇಲೆ ಅದರ ಪರಿಣಾಮವನ್ನು ಬರೆದು ಕಳುಹಿಸಿ, ಲಿಖಿತ ಒಪ್ಪಿಗೆ ಬಂದ ಮೇಲೆ ಕೈಹಾಕಿ. ಉಚಿತವಾಗಿ ಮಾಡಿಕೊಡುವ ಸಣ್ಣ ಬದಲಾವಣೆಯನ್ನೂ ‘ಇದರ ಬೆಲೆ ಇಷ್ಟು, ಈ ಬಾರಿ ಶುಲ್ಕವಿಲ್ಲ’ ಎಂದು ದಾಖಲಿಸಿ. ಈ ಕ್ರಮ ಇದೆಯೆಂದು ಮೂಲ ಕೊಟೇಶನ್‌ನಲ್ಲೇ ಎರಡು ಸಾಲು ಇದ್ದರೆ ಯಾರಿಗೂ ಮುಜುಗರವಿಲ್ಲ.

ಎಷ್ಟು ಬೇಗ ಕಳುಹಿಸಬೇಕು, ಆಮೇಲೆ ಎಷ್ಟು ಸಲ ವಿಚಾರಿಸಬೇಕು?

ಹೇಳಿದ ದಿನಕ್ಕೆ ಕಳುಹಿಸಬೇಕು. ಕೊಟೇಶನ್ ತಡವಾದರೆ ಕೆಲಸವೂ ತಡವಾದೀತೆಂದು ಗ್ರಾಹಕರು ಊಹಿಸುತ್ತಾರೆ, ಆ ಊಹೆ ನ್ಯಾಯವಾದದ್ದೇ. ಕಳುಹಿಸಿದ ಎರಡು ಮೂರು ದಿನಗಳಲ್ಲಿ, ತಲುಪಿತೇ, ಅರ್ಥವಾಗದ್ದು ಏನಾದರೂ ಇದೆಯೇ ಎಂದು ಒಮ್ಮೆ. ಅವಧಿ ಮುಗಿಯುವ ಮುನ್ನ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಬೆನ್ನು ಹತ್ತುವುದು ಇಬ್ಬರಿಗೂ ಆಯಾಸ.

ಕೊಟೇಶನ್ ತಯಾರಿಸುವುದಕ್ಕೇ ಶುಲ್ಕ ಕೇಳಬಹುದೇ?

ಸಾಮಾನ್ಯ ಕೊಟೇಶನ್‌ಗೆ ಬೇಡ. ಆದರೆ ಬೆಲೆ ಹಾಕುವುದಕ್ಕಾಗಿ ವಿನ್ಯಾಸ, ಪರೀಕ್ಷೆ, ದಿನಗಟ್ಟಲೆ ಅಳತೆಯ ಕೆಲಸ ಬೇಕಾದರೆ, ಅದೊಂದು ಸ್ವತಂತ್ರ ಸೇವೆ. ಅದಕ್ಕೊಂದು ಚಿಕ್ಕ ಮೊತ್ತ ನಿಗದಿ ಮಾಡಿ, ಮುಖ್ಯ ಕೆಲಸ ನಿಮಗೇ ಬಂದರೆ ಬಿಲ್ಲಿನಲ್ಲಿ ಅದನ್ನು ಕಳೆಯುತ್ತೇವೆ ಎಂದು ಹೇಳಬಹುದು.

ಕಳುಹಿಸಿದ ಮೇಲೆ ಲೆಕ್ಕದಲ್ಲಿ ತಪ್ಪು ಕಂಡರೆ?

ಕಂಡ ಕ್ಷಣವೇ ತಿಳಿಸಿ. ಒಪ್ಪಿಗೆ ಬರುವ ಮೊದಲಾದರೆ ಪರಿಷ್ಕೃತ ಪತ್ರ ಕಳುಹಿಸಿ, ಕಾರಣವನ್ನು ಮುಚ್ಚಿಡದೆ ಹೇಳಿ. ಒಪ್ಪಿಗೆ ಬಂದ ಮೇಲಾದರೆ, ತಪ್ಪು ನಿಮ್ಮದಾಗಿದ್ದು ಮೊತ್ತ ತಾಳಿಕೊಳ್ಳುವಷ್ಟಿದ್ದರೆ ಕೊಟ್ಟ ಮಾತಿನಂತೆ ಕೆಲಸ ಮಾಡಿಕೊಡುವುದೇ ಸರಿ ಎಂದು ನನ್ನ ನಿಲುವು. ತಾಳಲಾರದಷ್ಟಾದರೆ ಕೆಲಸ ಆರಂಭವಾಗುವ ಮುನ್ನವೇ ಎದುರು ಕುಳಿತು ಮಾತನಾಡಬೇಕು. ಮೌನವಾಗಿ ಸಾಮಗ್ರಿಯ ಗುಣಮಟ್ಟ ಇಳಿಸಿ ಸರಿದೂಗಿಸುವುದು ಮೋಸ. ಇಂಥ ತಪ್ಪುಗಳು ಸ್ಪ್ರೆಡ್‌ಶೀಟಿನಲ್ಲಿ ಹೆಚ್ಚಾಗಿ ಹುಟ್ಟುವುದು ಕೊನೆಗೆ ಸೇರಿಸಿದ ಒಂದು ಸಾಲು ಮೊತ್ತದ ಸೂತ್ರದ ಹೊರಗೆ ಉಳಿದಾಗ, ಮತ್ತು ಹಳೆಯ ಗ್ರಾಹಕರ ಹಾಳೆಯನ್ನು ನಕಲು ಮಾಡಿ ಒಂದು ಅಂಕಿಯನ್ನು ಬದಲಿಸಲು ಮರೆತಾಗ. ಕಳುಹಿಸುವ ಮುನ್ನ ಒಟ್ಟು ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಬೇರೆಯಾಗಿ ಕೂಡಿಸಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಹಳೆಯ ಕೊಟೇಶನ್‌ಗಳನ್ನು ಇಟ್ಟುಕೊಂಡು ಪ್ರಯೋಜನವೇನು?

ಒಪ್ಪಿಗೆಯಾದವು ತೆರಿಗೆ ಮತ್ತು ಕರಾರಿನ ದಾಖಲೆಗಳು, ಅವನ್ನು ಕಾನೂನು ಹೇಳಿದಷ್ಟು ಕಾಲ ಇಡಲೇಬೇಕು. ಒಪ್ಪಿಗೆಯಾಗದವನ್ನೂ ಎಸೆಯಬೇಡಿ. ಪ್ರತಿಯೊಂದರ ಮೇಲೆ ಫಲಿತಾಂಶ ಮತ್ತು ಗ್ರಾಹಕರು ಹೇಳಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಿ. ಕಳುಹಿಸಿದ ಕೊಟೇಶನ್‌ಗಳೆಲ್ಲ ಒಪ್ಪಿಗೆಯಾಗುತ್ತಿದ್ದರೆ ನಿಮ್ಮ ದರ ಕಡಿಮೆಯಿದೆ ಎಂದು ಅನುಮಾನಿಸಬೇಕು. ಒಂದೂ ಆಗದಿದ್ದರೆ ದರವನ್ನು ಇಳಿಸುವ ಮುನ್ನ, ನಿಮಗೆ ತಕ್ಕ ಗ್ರಾಹಕರಿಗೇ ಕಳುಹಿಸುತ್ತಿದ್ದೀರಾ ಎಂದು ನೋಡಬೇಕು. ಕೆಲಸ ಮುಗಿದ ವಾರದಲ್ಲೇ, ನೆನಪು ಹಸಿಯಾಗಿರುವಾಗ, ಅಂದಾಜಿಸಿದ ಗಂಟೆಗಳ ಪಕ್ಕದಲ್ಲಿ ನಿಜವಾಗಿ ಹಿಡಿದ ಗಂಟೆಗಳನ್ನೂ, ವ್ಯತ್ಯಾಸ ಎಲ್ಲಿ ಹುಟ್ಟಿತು ಎಂಬುದನ್ನೂ ಬರೆದು ಆ ಹಾಳೆಯನ್ನು ಮೂಲ ಕೊಟೇಶನ್ ಜೊತೆಗೇ ಸೇರಿಸಿಡಿ. ಅದೇ ಬಗೆಯ ಮುಂದಿನ ಕೆಲಸ ಬಂದಾಗ ಮೊದಲು ತೆರೆಯಬೇಕಾದ ಕಡತ ಅದು.